ನೆಲಮಾಳಿಗೆಗೂ ನೆಲಕ್ಕೂ ನಡುವೆ

ಹಲ್ಲಿನವರ ಚೀಟಿಗೆ ನಾನು ಹಸಿರು ಪಿನ್ ಚುಚ್ಚಿದೆ. ಆ ದಿನ ನಾನು ಮಾಡಿದ ತಪ್ಪುಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಲುವುದಿಲ್ಲ. ಆದರೆ ಉಳಿದವೆಲ್ಲ ಬೈಸಿಕೊಂಡರೆ ಮುಗಿದುಹೋಗುವಂಥವು. ಇದು ಹಾಗಲ್ಲ, ಇದರಲ್ಲಿ ಒಂದು ಜೀವವಿತ್ತು.

ಪಿನ್ನಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಕಾಲೇಜಿನ ರಜೆಯಲ್ಲಿ ನಾನು ಕೆಲಸಕ್ಕೆ ಸೇರಿದ್ದು ಲಿಫ್ಟ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಲಿಫ್ಟಿನೊಳಗೆ ಗಂಟೆಯ ಚಿತ್ರವಿರುವ ಒಂದು ಗುಂಡಿ ಇರುತ್ತದಲ್ಲ, ಮಕ್ಕಳು ಸುಮ್ಮಸುಮ್ಮನೆ ಒತ್ತಿ ಅಮ್ಮಂದಿರ ಕೈಲಿ ಏಟು ತಿನ್ನುತ್ತಾರಲ್ಲ, ಅದನ್ನು ಒತ್ತಿದರೆ ಕೇಳಿಸುವ ಧ್ವನಿ ನನ್ನದು. ನೂರಾ ಹನ್ನೆರಡು ಕಟ್ಟಡ, ಇಬ್ಬರು ಮೆಕ್ಯಾನಿಕ್‌ಗಳು, ಎರಡು ಕುರ್ಚಿ, ಲಿಫ್ಟುಗಳಿಗೆ ಎಂಟು ಲೈನಿನ ಒಂದು ಫೋನು, ದೂರು ಹೇಳುವವರಿಗೆ ಇನ್ನೊಂದು. ಗೋಡೆಯ ಮೇಲೆ ಒಂದು ದಪ್ಪ ಹಲಗೆ. ಕರೆ ಬಂದ ತಕ್ಷಣ ಕಟ್ಟಡದ ನಂಬರನ್ನು ಚೀಟಿಯಲ್ಲಿ ಬರೆದು ಹಲಗೆಗೆ ಚುಚ್ಚಬೇಕು. ಒಳಗಿರುವವರು ಕಿರುಚುತ್ತಿದ್ದರೆ ಕೆಂಪು ಪಿನ್, ಅಳುತ್ತಿದ್ದರೆ ಹಳದಿ, ಸಮಾಧಾನವಾಗಿ ಮಾತಾಡುತ್ತಿದ್ದರೆ ಹಸಿರು. ಮೆಕ್ಯಾನಿಕ್ ಬಿಡುವಾದ ಹಾಗೆ ಕೆಂಪಿನಿಂದ ಶುರುಮಾಡಿ ಕಳಿಸಬೇಕು. ಅಳೋ ಮಗುವಿಗೇ ಹಾಲು ಎನ್ನುವ ಗಾದೆಗೆ ಮೊಳೆ ಹೊಡೆದು ಗೋಡೆಗೆ ನೇತುಹಾಕಿದ ಹಾಗೆ. ಈ ಪದ್ಧತಿ ಮಾಡಿದವಳು ಒಂಬತ್ತು ವರ್ಷದಿಂದ ಇಲ್ಲಿರುವ ಅಕ್ಕ. ಕೂಗುವವನಿಗೆ ಎದೆ ಒಡೆಯಬಹುದು, ಸುಮ್ಮನಿರುವವನಿಗೆ ಏನೂ ಆಗುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿಕೊಟ್ಟಿದ್ದಳು. ನಾನು ಸೇರಿದ ಐದು ವಾರಗಳಲ್ಲಿ ಅದು ಒಂದು ಸಲವೂ ಸುಳ್ಳಾಗಿರಲಿಲ್ಲ.

ಆ ದಿನ ಬೆಳಿಗ್ಗೆಯಿಂದಲೇ ಆಕಾಶ ಮುಖ ಊದಿಸಿಕೊಂಡಿತ್ತು, ಮಳೆ ಬಿಡುತ್ತಲೇ ಇರಲಿಲ್ಲ. ಹತ್ತು ಗಂಟೆಗೆ ಅಕ್ಕ ಫೋನ್ ಮಾಡಿ, ಬಸ್ಸಿಲ್ಲ, ಬರುವುದಿಲ್ಲ ಎಂದಳು. ಹನ್ನೊಂದಕ್ಕೆ ಮ್ಯಾನೇಜರ್ ಊರಿನ ಆ ತುದಿಯಿಂದ ಮಾತಾಡಿ, ಕಾರು ನಿಂತಿದೆಯೋ ತೇಲುತ್ತಿದೆಯೋ ಗೊತ್ತಾಗುತ್ತಿಲ್ಲ, ಎಲ್ಲ ನೀನೇ ನೋಡ್ಕೋ ಎಂದು ಇಟ್ಟುಬಿಟ್ಟರು. ಹನ್ನೆರಡೂವರೆಗೆ ಆಲಿಕಲ್ಲು ಶುರುವಾಯಿತು. ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ಎದುರು ಅಂಗಡಿಯ ತಗಡಿನ ಮೇಲೆ ಬೀಳುವ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಒಂದು ಬಂದು ಬಡಿದು ನಮ್ಮ ಕಿಟಕಿಯ ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು. ಆಮೇಲೆ ಕರೆಂಟು. ಒಂದೇ ಸಲ ಎಲ್ಲ ಕಡೆ ಹೋಗಿದ್ದರೆ ನೆಮ್ಮದಿಯಾಗಿರುತ್ತಿತ್ತು. ಬಡಾವಣೆ ಬಡಾವಣೆಯಾಗಿ ಹೋಯಿತು, ಬಂತು, ಮತ್ತೆ ಹೋಯಿತು. ಹೋದಾಗಲೆಲ್ಲ ನನ್ನ ಫೋನಿನ ಮೇಲೆ ಇನ್ನೆರಡು ದೀಪ ಮಿನುಗುತ್ತಿದ್ದವು.

ಒಂದು ಲಿಫ್ಟಿನಲ್ಲಿ ಗಂಡ ಹೆಂಡತಿ ಸಿಕ್ಕಿಕೊಂಡು ಒಬ್ಬರ ಮೇಲೊಬ್ಬರು ನನ್ನ ಹತ್ತಿರ ದೂರು ಹೇಳಿದರು. ಮೆಟ್ಟಿಲಲ್ಲಿ ಹೋಗೋಣ ಎಂದು ಮೊದಲು ಹೇಳಿದ್ದು ಯಾರು ಎನ್ನುವುದನ್ನು ನಾನು ತೀರ್ಮಾನ ಮಾಡಬೇಕಂತೆ. ಇನ್ನೊಂದರಲ್ಲಿ ಒಂದು ನಾಯಿ, ಜೊತೆಗೆ ನಾಯಿ ಕಂಡರೆ ಹೆದರುವ ಒಬ್ಬರು. ನಾಯಿಯ ಯಜಮಾನ ಹೊರಗೇ ಉಳಿದಿದ್ದ. ಕೆಂಪು ಪಿನ್. ಮೂರನೆಯದರಲ್ಲಿ ಮದುವೆಯಾಗದ ಇಬ್ಬರು, ಯಾರಿಗೂ ಹೇಳಬೇಡಿ ಎಂದು ಪಿಸುಗುಟ್ಟಿದರು. ಪಿಸುಮಾತಿಗೆ ಯಾವ ಬಣ್ಣ ಎಂದು ಅಕ್ಕ ಹೇಳಿಕೊಟ್ಟಿರಲಿಲ್ಲ.

ನಮ್ಮ ಮೆಕ್ಯಾನಿಕ್‌ಗಳಲ್ಲಿ ಒಬ್ಬನ ಹೆಸರು ಏಣಿ, ಇನ್ನೊಬ್ಬನದು ಗುಂಡು. ಏಕೆ ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ. ಗುಂಡುವಿನ ಬೈಕು ಒಂದು ಗಂಟೆಗೇ ನೀರು ಕುಡಿದು ಮಲಗಿತು, ಅವನ ಫೋನೂ ಅದರ ಹಿಂದೆಯೇ ಹೋಯಿತು. ಉಳಿದವನು ಏಣಿ ಒಬ್ಬನೇ. ಇಡೀ ಊರಿನ ಲಿಫ್ಟುಗಳಿಗೆ ಒಂದು ಏಣಿ.

ಹಲ್ಲಿನವರ ಕರೆ ಬಂದಾಗ ಎರಡು ಗಂಟೆ ಹತ್ತು ನಿಮಿಷ. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ: ನಮಸ್ಕಾರ, ಗಾಬರಿಯಾಗಬೇಡಿ, ಲಿಫ್ಟು ಬೀಳುವುದಿಲ್ಲ, ಗಾಳಿ ಸಾಕಷ್ಟಿದೆ.

ಆ ಕಡೆಯಿಂದ ಅವಸರವೇ ಇಲ್ಲದ ಒಂದು ಧ್ವನಿ ಬಂತು.

"ನಂಗೆ ಗಾಬರಿ ಇಲ್ಲಮ್ಮ. ನೀನ್ಯಾಕೆ ಹಂಗೆ ಏದುಸಿರು ಬಿಡ್ತಿದ್ದೀಯ?"

ಅವರು ನಾಲ್ಕನೇ ಮಹಡಿಯಿಂದ ನೆಲಮಾಳಿಗೆಗೆ ಹೊರಟಿದ್ದರು, ಸ್ಕೂಟರ್ ತೆಗೆಯಲು. ಲಿಫ್ಟು ನೆಲಮಟ್ಟವನ್ನು ದಾಟಿದ ಮೇಲೆ ಕರೆಂಟು ಹೋಗಿ, ಎರಡರ ನಡುವೆ ನಿಂತುಬಿಟ್ಟಿತ್ತು. ಒಳಗೆ ಅವರೊಬ್ಬರೇ. ಯಾರಿಗೆ ತಿಳಿಸಬೇಕು ಎಂದು ಕೇಳುವುದು ನಮ್ಮ ಕ್ರಮ, ಕೇಳಿದೆ. ಮನೆಯಲ್ಲಿ ಯಾರೂ ಇಲ್ಲ ಎಂದರು. ನೆಂಟರು, ಸ್ನೇಹಿತರು, ಪಕ್ಕದ ಮನೆಯವರು? ಅವರು ನಿಜವಾಗಿಯೂ ಯೋಚನೆ ಮಾಡಿದರು, ನನಗೆ ಸಹಾಯವಾಗಲಿ ಎನ್ನುವಂತೆ.

"ನಿಂಗೆ ಗೊತ್ತಾಯ್ತಲ್ಲ," ಎಂದರು ಕೊನೆಗೆ. "ಸಾಕು ಬಿಡು."

ನಾನು ಚೀಟಿಯ ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದು, ಹಸಿರು ಪಿನ್ ಚುಚ್ಚಿ, ಇಪ್ಪತ್ತು ನಿಮಿಷದಲ್ಲಿ ಜನ ಬರುತ್ತಾರೆ ಎಂದು ಸುಳ್ಳು ಹೇಳಿ ಮುಂದಿನ ದೀಪ ಒತ್ತಿದೆ.

ಲಿಫ್ಟಿನ ಲೈನನ್ನು ಕತ್ತರಿಸಲು ಆಗುವುದು ನಮ್ಮ ಕಡೆಯಿಂದ ಮಾತ್ರ. ಒಳಗಿರುವವರಿಗೆ ಆಗುವುದಿಲ್ಲ. ಹಾಗಾಗಿ ಕೆಂಪು, ಹಳದಿಗಳ ನಡುವೆ ಉಸಿರು ಬಿಡಬೇಕು ಅನ್ನಿಸಿದಾಗಲೆಲ್ಲ ನಾನು ಅವರ ದೀಪ ಒತ್ತುತ್ತಿದ್ದೆ. ಪ್ರತಿ ಸಲವೂ ಅವರು ಅಲ್ಲೇ ಇರುತ್ತಿದ್ದರು. ಇನ್ನೆಲ್ಲಿ ಹೋಗುತ್ತಾರೆ ಪಾಪ. ಊಟವಾಯಿತಾ ಎಂದು ಕೇಳಿದರು. ಬೆಳಿಗ್ಗೆಯಿಂದ ನನ್ನನ್ನು ಕಳ್ಳಿ, ಸೋಮಾರಿ, ಕಂಪನಿಯ ಏಜೆಂಟ್ ಎಂದೆಲ್ಲ ಕರೆದವರಿದ್ದರು, ಊಟ ಕೇಳಿದವರು ಇವರೊಬ್ಬರೇ. ಬಿಸ್ಕತ್ತು ತಿಂದೆ ಎಂದೆ. ಆಫೀಸಿನಲ್ಲಿ ಜೊತೆಗೆ ಯಾರಿದ್ದಾರೆ ಎಂದರು. ಯಾರೂ ಇಲ್ಲ ಎಂದೆ.

"ಹಂಗಾದ್ರೆ ಇಬ್ಬರೂ ಸಿಕ್ಕಾಕ್ಕೊಂಡಿದ್ದೀವಿ ಅನ್ನು."

ನನಗೆ ನಗು ಬಂತು. ಎಷ್ಟು ದಿನವಾಗಿತ್ತೋ. ಹಾಸ್ಟೆಲಿನ ರೂಮಿನಲ್ಲಿ ನಾಲ್ಕು ಮಂಚ, ರಜೆಗೆ ಮೂರು ಖಾಲಿ. ಅಡುಗೆಮನೆಗೆ ಬೀಗ. ರಾತ್ರಿ ನಾನು ಒಬ್ಬಳೇ ಮಾತಾಡಿಕೊಂಡರೆ ಗೋಡೆ ಎರಡು ಸಲ ಹೇಳಿ ತೋರಿಸುತ್ತಿತ್ತು. ಅಪ್ಪ ಅಮ್ಮ ಬೇರೆಯಾದ ಮೇಲೆ ಇದು ನನ್ನ ಮೊದಲ ರಜೆ. ಈ ಸಲ ಅಪ್ಪನ ಹತ್ತಿರ ಇದ್ದು ಬಾ ಎಂದಳು ಅಮ್ಮ. ಈ ಸಲ ಅಮ್ಮನ ಹತ್ತಿರ ಇದ್ದು ಬಾ ಮಗಳೇ ಎಂದರು ಅಪ್ಪ. ಇಬ್ಬರೂ ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಬೇಡ, ನನಗೆ ಕೆಲಸ ಸಿಕ್ಕಿದೆ ಎಂದು ನಾನೇ ಇಬ್ಬರನ್ನೂ ಬಚಾವ್ ಮಾಡಿದೆ.

ಇದನ್ನೆಲ್ಲ ಅವರಿಗೆ ಹೇಳಲಿಲ್ಲ. ಬೇಕಾಗಲೂ ಇಲ್ಲ. ಅವರೇ ಮಾತಾಡಿದರು. ಅವರ ಕೆಲಸ ಕಟ್ಟುಹಲ್ಲು ಮಾಡುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಮನೆಯಲ್ಲೇ ಕೂತು ಹಲ್ಲಿನ ಸಾಲು ಕಟ್ಟಿ, ಉಜ್ಜಿ, ಹೊಳಪು ಕೊಟ್ಟು ಡಬ್ಬಿಯಲ್ಲಿ ಹಾಕಿ ತಲುಪಿಸುತ್ತಾರೆ. ಈಗಲೂ ಕೈಯಲ್ಲಿ ಒಂದು ಡಬ್ಬಿ ಇತ್ತು. ಯಾರೋ ಒಬ್ಬ ಮುದುಕಿಯ ಮೇಲಿನ ಸಾಲು, ನಾಳೆ ಮೊಮ್ಮಗಳ ಜೊತೆ ಅವರ ಫೋಟೋ ತೆಗೆಯುತ್ತಾರಂತೆ, ಅದಕ್ಕೇ ಈ ಮಳೆಯಲ್ಲಿ ಹೊರಟದ್ದು.

"ಈ ಊರಲ್ಲಿ ಏನಿಲ್ಲಾಂದ್ರೂ ಸಾವಿರ ಜನ ನನ್ನ ಹಲ್ಲಲ್ಲಿ ನಗ್ತಾರೆ," ಎಂದರು. "ರಸ್ತೇಲಿ ನೋಡಿದ ತಕ್ಷಣ ಗುರುತು ಸಿಗುತ್ತೆ, ಇದು ನಂದು ಅಂತ. ಅವ್ರಿಗೆ ನಾನು ಗೊತ್ತಿಲ್ಲ, ಅಷ್ಟೆ. ಒಂದ್ಸಲ ಒಬ್ಬ ನನ್ನ ಹಲ್ಲಲ್ಲೇ ನನ್ನ ಮೇಲೆ ಹಲ್ಲು ಕಡಿದ."

ಈ ನಡುವೆ ಆಫೀಸಿನ ಇನ್ನೊಂದು ಫೋನಿಗೆ ಜೋರಮ್ಮ ಮೂರು ಸಲ ಮಾಡಿದ್ದರು. ಅದೇ ಕಟ್ಟಡದ ನಾಲ್ಕನೇ ಮಹಡಿಯವರು. ಧ್ವನಿ ಹಾಗಿದ್ದರಿಂದ ಅಕ್ಕ ಇಟ್ಟ ಹೆಸರು. ವಾರಕ್ಕೊಮ್ಮೆಯಾದರೂ ದೂರು ಬರುತ್ತಿತ್ತು, ಗುಂಡಿ ಅಂಟುತ್ತದೆ, ಕನ್ನಡಿ ಮಂಕಾಗಿದೆ, ಲಿಫ್ಟು ಗುರ್ರ್ ಎನ್ನುತ್ತದೆ, ಯಾರೋ ಲಿಫ್ಟನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಆ ದಿನವೂ ಲಿಫ್ಟು ಬರುತ್ತಿಲ್ಲ ಎಂದು ಬೈದರು. ಕರೆಂಟಿಲ್ಲ ಆಂಟಿ ಎಂದು ಹೇಳಿ ಹೇಳಿ ನನಗೂ ಸಾಕಾಗಿತ್ತು. ನಾಯಿ ಬೊಗಳಿದರೆ ದೇವಲೋಕ ಹಾಳಾ ಎಂದುಕೊಂಡು ಸುಮ್ಮನಾದೆ. ಒಳಗೆ ಒಬ್ಬರು ಸಿಕ್ಕಿಕೊಂಡಿದ್ದಾರೆ ಎಂದು ಅವರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮೂರು ಗಂಟೆಗೆ ಏಣಿ ಫೋನ್ ಮಾಡಿದ. ನಾಯಿಯ ಲಿಫ್ಟು ಬಿಡಿಸಿ ಆಗಿತ್ತು, ನಾಯಿಗೂ ಆ ಮನುಷ್ಯರಿಗೂ ಸ್ನೇಹವಾಗಿತ್ತಂತೆ.

"ಇಲ್ಲೇ ಹತ್ರ ಯಾವ್ದಾದ್ರೂ ಇದ್ರೆ ಹೇಳು ಮರಿ," ಎಂದ. "ರೋಡಲ್ಲಿ ನೀರು ಮಂಡಿಗೆ ಬಂದಿದೆ."

ಹಲ್ಲಿನವರ ಕಟ್ಟಡ ಅವನಿದ್ದ ಜಾಗದಿಂದ ಎರಡು ರಸ್ತೆ ಆಚೆ. ನಾನು ಹಲಗೆಯ ಕಡೆ ನೋಡಿದೆ. ಊರಿನ ಆ ಬದಿಯಲ್ಲಿ ಒಂದು ಕೆಂಪು ಪಿನ್ ಇತ್ತು, ಆರು ಜನ, ಅವರಲ್ಲೊಬ್ಬ ಕೋರ್ಟಿಗೆ ಎಳೆಯುತ್ತೇನೆ ಎಂದು ಕಿರುಚುತ್ತಿದ್ದ. ಇಲ್ಲ ಅಣ್ಣ, ಹತ್ತಿರದಲ್ಲಿ ಯಾವುದೂ ಇಲ್ಲ, ಆ ಕಡೆ ಹೋಗು ಎಂದೆ. ಪದ್ಧತಿಯ ಪ್ರಕಾರ ನಾನು ಮಾಡಿದ್ದು ಸರಿ. ಯಾರು ಕೇಳಿದರೂ ಹಲಗೆ ತೋರಿಸಬಹುದು. ಆದರೆ ಪದ್ಧತಿ ನನಗೆ ನೆನಪಾದದ್ದು ಆಮೇಲೆ. ಮೊದಲು ನೆನಪಾದದ್ದು, ಏಣಿ ಹೋಗಿ ಆ ಬಾಗಿಲು ತೆಗೆದರೆ ನನ್ನ ಮೇಜಿನ ಮೇಲೆ ಆ ಒಂದು ದೀಪ ಆರಿಹೋಗುತ್ತದೆ ಎನ್ನುವುದು.

ಇದು ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಮೂರೂ ಕಾಲಿಗೆ ಮತ್ತೆ ಅವರ ದೀಪ ಒತ್ತಿದೆ. ಮಳೆ ಈಗ ಬೀಳುತ್ತಿರಲಿಲ್ಲ, ಸುರಿಯುತ್ತಿತ್ತು. ನಮ್ಮ ರಸ್ತೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಯಾರೋ ಕೂತಿರುವ ಗಾಂಭೀರ್ಯದಲ್ಲಿ ತೇಲಿಕೊಂಡು ಹೋಯಿತು. ಅದನ್ನು ಅವರಿಗೆ ಹೇಳಿದೆ. ನಕ್ಕರು. ಆಮೇಲೆ ನನ್ನ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಇರಬೇಕು ಎಂದರು. ಹೇಗೆ ಗೊತ್ತಾಯಿತು ಎಂದು ನಾನು ಬಾಯಿ ಮುಚ್ಚಿಕೊಂಡೆ, ಅವರು ನೋಡುತ್ತಿದ್ದಾರೇನೋ ಎನ್ನುವ ಹಾಗೆ. ನೀನು ‘ಸ’ ಎಂದಾಗಲೆಲ್ಲ ಸಣ್ಣಗೆ ಗಾಳಿ ಬರುತ್ತದೆ, ಯಾರಾದರೂ ಮುಚ್ಚಿಸು ಎಂದರೆ ಮುಚ್ಚಿಸಬೇಡ, ಚೆನ್ನಾಗಿದೆ ಎಂದರು. ಸ್ಕೂಲಿನಿಂದಲೂ ಎಲ್ಲರೂ ಆಡಿಕೊಂಡಿದ್ದ ಸಂದಿ ಅದು.

ಆಮೇಲೆ ಅವರು ಅದೇ ಧ್ವನಿಯಲ್ಲಿ, ಅಂಗಡಿಯಲ್ಲಿ ಸಾಮಾನು ವಿಚಾರಿಸುವವರ ಹಾಗೆ ಕೇಳಿದರು.

"ಮಗು, ಈ ಮಾತಾಡೋ ಪೆಟ್ಟಿಗೆ ಇದ್ಯಲ್ಲ, ಇದು ನೀರಲ್ಲಿ ಮುಳುಗಿದ್ರೂ ಕೇಳಿಸುತ್ತಾ?"

ಎಲ್ಲಿ ನೀರು ಎಂದೆ. ಏನಿಲ್ಲ, ಸುಮ್ಮನೆ ಕೇಳಿದೆ ಎಂದರು. ನಾನು ಇನ್ನೊಂದು ಸಲ ಕೇಳಿದೆ.

"ಸೊಂಟದ ಹತ್ರ ಬಂದಿದೆ," ಎಂದರು. "ಎರಡೂವರೆಗೆ ಚಪ್ಪಲಿ ಒದ್ದೆ ಆಯ್ತು. ಆಮೇಲೆ ನಿಧಾನಕ್ಕೆ ಬಂತು. ಈಗ ಸ್ವಲ್ಪ ಜೋರಾಗಿದೆ."

"ಯಾಕೆ ಹೇಳ್ಲಿಲ್ಲ ಅಂಕಲ್?"

"ಹೇಳಿದ್ರೆ ನೀನು ಫೋನ್ ಇಟ್ಟು ಓಡಾಡೋಕೆ ಶುರು ಮಾಡ್ತೀಯ. ಮಾತು ಚೆನ್ನಾಗಿ ನಡೀತಿತ್ತಲ್ಲ."

ರಸ್ತೆಯ ನೀರೆಲ್ಲ ಸ್ಕೂಟರ್ ಇಳಿಯುವ ಇಳಿಜಾರಿನಲ್ಲಿ ನೆಲಮಾಳಿಗೆಗೆ ನುಗ್ಗುತ್ತಿತ್ತು, ಅವರಿದ್ದ ಲಿಫ್ಟು ಆ ನೀರಿನಲ್ಲಿ ಅರ್ಧ ಮುಳುಗಿ ತೂಗಾಡಿಕೊಂಡಿತ್ತು, ಬಾಗಿಲ ಎದುರು ಬರೀ ಗೋಡೆ. ನಾನು ಏಣಿಗೆ ಫೋನ್ ಮಾಡಿದೆ. ಅವನು ಊರಿನ ಆ ಬದಿಗೆ ದಾಟಿಯಾಗಿತ್ತು, ಅವನ ಹಿಂದೆ ಸೇತುವೆಯ ಕೆಳಗಿನ ದಾರಿ ಮುಳುಗಿತ್ತು, ಹಾರಿ ಬರಬೇಕಷ್ಟೆ. ಅಗ್ನಿಶಾಮಕದವರ ಲೈನು ಹತ್ತನೇ ಸಲಕ್ಕೆ ಸಿಕ್ಕಿ, ನಿಮಗಿಂತ ಮೊದಲು ನಲವತ್ತು ಜನ ಇದ್ದಾರೆ, ಬರುತ್ತೇವೆ ಎಂದರು. ಆ ಕಟ್ಟಡದ ವಾಚ್‌ಮನ್ ಆಲಿಕಲ್ಲು ಬಿದ್ದಾಗಲೇ ಕಾಲಿಗೆ ಬುದ್ಧಿ ಹೇಳಿದ್ದ. ಹಲಗೆಯ ಮೇಲಿನ ಹಸಿರು ಪಿನ್ ಕಿತ್ತು ಕೆಂಪು ಚುಚ್ಚಿದೆ. ಯಾರಿಗೆ ತೋರಿಸಲು ಚುಚ್ಚಿದೆನೋ ಗೊತ್ತಿಲ್ಲ.

ಆಗ ನಾಲ್ಕನೇ ಸಲ ಜೋರಮ್ಮನ ಫೋನು ಬಂತು. ಬೈಗುಳ ಶುರುವಾಗುವ ಮೊದಲೇ ನಾನು ಮಾತಾಡಿದೆ.

"ಆಂಟಿ, ಲಿಫ್ಟಲ್ಲಿ ನಿಮ್ಮ ಪಕ್ಕದ ಮನೆಯವ್ರು ಸಿಕ್ಕಾಕ್ಕೊಂಡಿದ್ದಾರೆ."

"ನಮ್ಮ ಪಕ್ಕದ ಮನೆ ಖಾಲಿ ಅಲ್ವೇನೇ?"

"ಖಾಲಿ ಅಲ್ಲ ಆಂಟಿ. ಅವ್ರಿಗೆ ಸೊಂಟದವರೆಗೂ ನೀರು ಬಂದಿದೆ."

ಅವರು ಸುಮ್ಮನಾದರು. ಜೋರಮ್ಮ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏನ್ ಮಾಡ್ಬೇಕು ಹೇಳು," ಎಂದರು.

ಮೇಜಿನ ಮೇಲೆ ಲಿಫ್ಟಿನ ಲೈನನ್ನು ಸ್ಪೀಕರಿಗೆ ಹಾಕಿದೆ. ಬಲಗಿವಿಗೆ ಜೋರಮ್ಮ, ಎಡಗಿವಿಗೆ ನನ್ನ ಮೊಬೈಲಿನಲ್ಲಿ ಏಣಿ. ಅವನು ಹೇಳಿದ್ದನ್ನು ನಾನು ಅವರಿಗೆ ದಾಟಿಸಬೇಕು. ಲಿಫ್ಟಿನ ಯಂತ್ರವನ್ನು ನಾನು ಕಣ್ಣಿನಿಂದ ನೋಡಿದವಳೇ ಅಲ್ಲ, ಗೋಡೆಗೆ ಅಂಟಿಸಿದ ಚಿತ್ರದಲ್ಲಿ ನೋಡಿದ್ದೆ. ಯಂತ್ರದ ಕೋಣೆ ಇರುವುದು ಮಾಳಿಗೆಯ ಮೇಲೆ. ಬೀಗದ ಕೈ ಆಫೀಸಿನಲ್ಲಿರಬೇಕು ಎನ್ನುವುದು ನಿಯಮ, ಆದರೆ ನಮ್ಮವರಿಬ್ಬರೂ ಎಲ್ಲ ಕಟ್ಟಡಗಳಲ್ಲೂ ಒಂದೊಂದನ್ನು ಬಾಗಿಲ ಮೇಲಿನ ಪಟ್ಟಿಯ ಎಡತುದಿಯಲ್ಲಿ ಇಟ್ಟಿರುತ್ತಾರೆ. ಮ್ಯಾನೇಜರಿಗೆ ಗೊತ್ತಾದರೆ ಕೆಲಸ ಹೋಗುವಂಥ ಗುಟ್ಟು. ಏಣಿ ಅದನ್ನು ಒಂದೇ ಉಸಿರಿಗೆ ಹೇಳಿದ.

ಜೋರಮ್ಮ ಮಾಳಿಗೆಗೆ ಹತ್ತಿದರು. ಗಾಳಿಯ ಸದ್ದಿನಲ್ಲಿ ಅವರ ಮಾತು ಹರಿದು ಹರಿದು ಬರುತ್ತಿತ್ತು. ಒಂದು ಆಲಿಕಲ್ಲು ತಲೆಗೆ ಬಿತ್ತು ಎಂದರು, ಯಾರ ಮೇಲೋ ದೂರು ಹೇಳುವ ಹಾಗೆ. ಆಮೇಲೆ ಬಾಗಿಲು ತೆರೆದ ಸದ್ದು.

ಈ ಕಡೆ ಹಲ್ಲಿನವರು ನೀರಿನ ಮಟ್ಟ ಹೇಳುತ್ತಿದ್ದರು, ನಾನೇ ಕೇಳಿಕೊಂಡಿದ್ದೆ. ಅಳೆಯಲು ಅವರ ಹತ್ತಿರ ಇದ್ದದ್ದು ಗುಂಡಿಗಳ ಸಾಲು.

"ನೆಲಮಾಳಿಗೆ ಗುಂಡಿ ಮುಳುಗ್ತು," ಎಂದರು. ಸ್ವಲ್ಪ ಹೊತ್ತಿಗೆ, "ಸೊನ್ನೆ ಮುಳುಗ್ತು. ಈಗ ಒಂದನೇ ಮಹಡಿ."

ಒಟ್ಟು ಐದು ಮಹಡಿ. ಐದರ ಮೇಲೆ ನನ್ನ ಧ್ವನಿ ಬರುವ ಜಾಲರಿ.

ಏಣಿ ಹೇಳಿದ, ನಾನು ಹೇಳಿದೆ, ಜೋರಮ್ಮ ಮಾಡಿದರು. ಮೊದಲು ದೊಡ್ಡ ಸ್ವಿಚ್ಚು ಕೆಳಗೆ, ಇಲ್ಲದಿದ್ದರೆ ನಡುವೆ ಕರೆಂಟು ಬಂದರೆ ಅನಾಹುತ. ಗೋಡೆಯಲ್ಲಿ ನೇತುಹಾಕಿದ ಕೆಂಪು ಬಣ್ಣದ ಸರಳು. ಯಂತ್ರದ ತಲೆಯ ಮೇಲಿನ ಸಂದಿಗೆ ಅದನ್ನು ತೂರಿಸಿ ಒತ್ತಿದರೆ ಬ್ರೇಕು ಬಿಡುತ್ತದೆ. ಬಿಟ್ಟರೆ ಲಿಫ್ಟು ಕೆಳಗೆ ಹೋಗಿಬಿಟ್ಟರೆ ಏನು ಮಾಡೋದು ಎಂದು ಜೋರಮ್ಮ ಕೇಳಿದರು. ಅದನ್ನೇ ನಾನೂ ಕೇಳಬೇಕೆಂದಿದ್ದೆ.

"ಹೋಗಲ್ಲ," ಎಂದ ಏಣಿ. "ಹಗ್ಗದ ಆ ತುದೀಲಿ ತೂಕ ಕಟ್ಟಿದೆ. ತುಂಬಾ ಜನ ಇದ್ರೆ ಲಿಫ್ಟು ಕೆಳಗೆ ಎಳಿಯುತ್ತೆ. ಒಬ್ಬರೇ ಇದ್ರೆ ಹಗುರ, ತಾನೇ ಮೇಲೆ ಬರುತ್ತೆ. ಆದ್ರೆ ಒಳಗೆ ನೀರಿದೆ ಮರಿ, ಅದೂ ಭಾರ. ಒಂದು ಗೇಣು ಎತ್ತಿ, ನಿಲ್ಸಿ, ನೀರು ಬಾಗಿಲ ಸಂದಿಂದ ಇಳಿಯೋಕೆ ಬಿಡ್ಬೇಕು. ಆಮೇಲೆ ಇನ್ನೊಂದು ಗೇಣು. ಹಗ್ಗದ ಮೇಲೆ ಹಳದಿ ಬಣ್ಣದ ಗುರುತು ಬರುತ್ತೆ. ಮೊದಲನೇದು ನೆಲ. ಎರಡನೇದು..."

ಅಲ್ಲಿಗೆ ಅವನ ಫೋನು ಸತ್ತಿತು. ಮತ್ತೆ ಮಾಡಿದರೆ ಟವರೇ ಇಲ್ಲ.

ಜೋರಮ್ಮನಿಗೆ ಅದನ್ನು ಹೇಳಲಿಲ್ಲ. ಏಣಿ ಇನ್ನೂ ನನ್ನ ಕಿವಿಯಲ್ಲಿ ಇರುವ ಹಾಗೆಯೇ ಮಾತಾಡಿದೆ. ಒತ್ತಿ ಆಂಟಿ. ಮೇಲೆ ಕಬ್ಬಿಣ ನರಳಿದ ಸದ್ದು ಒಂದು ಕಿವಿಗೆ, ಅದೇ ಸದ್ದು ಕೆಳಗಿನಿಂದ ಇನ್ನೊಂದು ಕಿವಿಗೆ. ಬಿಡಿ ಆಂಟಿ.

"ಎರಡು ಮುಳುಗ್ತು," ಎಂದರು ಹಲ್ಲಿನವರು. "ಇಲ್ಲ, ತಡಿ. ಎರಡು ಮತ್ತೆ ಕಾಣ್ತಿದೆ."

ಬಾಗಿಲ ಸಂದಿಯಿಂದ ನೀರು ಹೊರಗೆ ಧುಮುಕುವುದು ನನಗೆ ಕೇಳಿಸುತ್ತಿತ್ತು. ಕಾದೆವು. ಒತ್ತಿ ಆಂಟಿ. ಈ ಸಲ ಲಿಫ್ಟು ಅರ್ಧ ಗೇಣು ಬಂದು ನಿಂತಿತು, ಮೇಲೂ ಇಲ್ಲ ಕೆಳಗೂ ಇಲ್ಲ. ಸರಳು ಜಾರುತ್ತಿದೆ, ಮುಷ್ಟಿಗೆ ಸೆರಗು ಸುತ್ತಿಕೊಳ್ಳುತ್ತೇನೆ ಎಂದರು ಜೋರಮ್ಮ. ಏಣಿ ಹೇಳಿದ ನೀರಿನ ಭಾರ ನೆನಪಾಗಿ, ಬಾಗಿಲ ಎರಡು ಹಲಗೆ ಸೇರುವ ಜಾಗದಲ್ಲಿ ಬೆರಳು ತೂರಿಸಿ ಎಳೆಯಲು ಹಲ್ಲಿನವರಿಗೆ ಹೇಳಿದೆ. ಕೈ ಎರಡೂ ಬೇಕು ಅಂಕಲ್, ಡಬ್ಬಿ ಬಿಡಿ ಎಂದೆ.

"ಡಬ್ಬಿ ತಲೆ ಮೇಲಿದೆ," ಎಂದರು. "ಕೈ ಖಾಲಿನೇ."

ಸಂದಿ ಎರಡು ಬೆರಳಷ್ಟು ಅಗಲವಾಯಿತು. ನೀರು ಹೋಗುವ ಸದ್ದು ದೊಡ್ಡದಾಯಿತು. ಸೊನ್ನೆ ಕಾಣ್ತು. ನೆಲಮಾಳಿಗೆ ಗುಂಡಿ ಕಾಣ್ತು. ಒತ್ತಿ, ಬಿಡಿ, ಒತ್ತಿ, ಬಿಡಿ. ಹಗ್ಗದ ಮೇಲೆ ಹಳದಿ ಗುರುತು ಬಂತು ಎಂದರು ಜೋರಮ್ಮ. ಅದು ನೆಲ. ನೆಲದಲ್ಲಿ ಎಷ್ಟು ನೀರಿದೆಯೋ ಯಾರಿಗೆ ಗೊತ್ತು, ಇನ್ನೊಂದು ಗುರುತಿನವರೆಗೂ, ಮೊದಲನೇ ಮಹಡಿಗೆ ಹೋಗೋಣ ಎಂದೆ. ನಾನೇ ಹೇಳಿದೆ, ಯಾರೂ ಹೇಳಿಕೊಟ್ಟದ್ದಲ್ಲ. ಎರಡನೇ ಗುರುತು ಬರುವ ಹೊತ್ತಿಗೆ ನಾಲ್ಕು ಗಂಟೆ ಐದು ನಿಮಿಷ. ಜೋರಮ್ಮ ಸರಳು ಬಿಟ್ಟು, ನಾನು ಕೆಳಗೆ ಹೋಗ್ತೀನಿ ಎಂದು ಫೋನ್ ಇಟ್ಟರು. ಮೆಟ್ಟಿಲು ಹುಷಾರು ಎಂದು ನಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಈಗ ಉಳಿದದ್ದು ಲಿಫ್ಟಿನ ಲೈನು. ಒಳಗೆ ಅವರು ಬಾಗಿಲನ್ನು ಎಳೆಯುವ ಸದ್ದು, ಉಸಿರಿನ ಸದ್ದು. ಎಳೆದರು, ನಿಂತರು, ಎಳೆದರು. ಆಮೇಲೆ ಬಾಗಿಲು ಸರಿದು ಹೋಗಿ ಗೋಡೆಗೆ ಬಡಿಯಿತು. ನನ್ನ ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು, ಒರೆಸಿಕೊಳ್ಳಲು ಚೀಟಿಯ ಕಾಗದವೇ ಗತಿಯಾಯಿತು.

ಜೋರಮ್ಮನ ಧ್ವನಿ ದೂರದಿಂದ ಬಂತು, ಹತ್ತಿರವಾಯಿತು.

"ಅಯ್ಯೋ ಶಿವನೇ, ಪೂರ್ತಿ ನೆಂದುಹೋಗಿದ್ದೀರಲ್ರೀ. ಯಾವ ಮನೆ ನೀವು?"

"ನಾನೂರ ಎರಡು."

"ನಮ್ಮದು ನಾನೂರ ಒಂದು. ಯಾವಾಗ ಬಂದ್ರಿ?"

"ಏಳು ವರ್ಷ ಆಯ್ತಮ್ಮ."

ಒದ್ದೆ ಸೆರಗು ಹಿಂಡಿದ ನೀರು ನೆಲಕ್ಕೆ ಬಿದ್ದ ಸದ್ದು ಬಂತು.

"ಆ ಗುರ್ರ್ ಅನ್ನೋ ಸದ್ದು," ಎಂದರು ಜೋರಮ್ಮ, "ಅದು ನಿಮ್ಮ ಮನೇದಾ? ನಾನು ಲಿಫ್ಟಿಂದು ಅಂದ್ಕೊಂಡು ಆ ಹುಡುಗಿಗೆ ಎಷ್ಟು ಸಲ ಬೈದಿದ್ದೀನಿ."

"ಹಲ್ಲು ಉಜ್ಜೋ ಮಷಿನ್ನು. ಇನ್ಮೇಲೆ ಬಾಗಿಲು ಹಾಕ್ಕೊಂಡು ಮಾಡ್ತೀನಿ."

"ಬಾಗಿಲು ಹಾಕಿದ್ರೂ ಕೇಳಿಸುತ್ತೆ ಬಿಡಿ. ನಡೀರಿ, ನಮ್ಮೆಜಮಾನ್ರ ಬಟ್ಟೆ ಕೊಡ್ತೀನಿ. ತಲೆ ಮೇಲೇನದು?"

"ಹಲ್ಲು."

"ಯಾರದ್ದು?"

ನಾನು ನಗುತ್ತಿದ್ದೆ, ಅಳುತ್ತಲೂ ಇದ್ದೆ. ಆಗ ಹಲ್ಲಿನವರು, ಒಂದು ನಿಮಿಷ, ಆ ಹುಡುಗಿಗೆ ಹೇಳಿ ಬರುತ್ತೇನೆ ಎಂದದ್ದು ಕೇಳಿಸಿತು. ಬೆನ್ನು ನೆಟ್ಟಗೆ ಮಾಡಿ ಕೂತೆ. ಆಮೇಲೆ ಹೇಳಿದರಾಯಿತು, ಮೊದಲು ಮೈ ಒರೆಸಿಕೊಳ್ಳಿ, ಜ್ವರ ಬಂದರೆ ನೋಡುವವರು ಯಾರು ಎಂದರು ಜೋರಮ್ಮ. ಇಬ್ಬರ ಹೆಜ್ಜೆ ಮೆಟ್ಟಿಲು ಹತ್ತಿತು. ನಾಲ್ಕನೇ ಮಹಡಿಯ ಮಾತು ಮೊದಲನೇ ಮಹಡಿಗೆ ಕೇಳಿಸುವುದಿಲ್ಲ.

ಪ್ರತಿ ಕರೆ ಮುಗಿದ ಮೇಲೆ ರಿಜಿಸ್ಟರಿನಲ್ಲಿ ಒಂದು ಸಾಲು ತುಂಬಬೇಕು. ಕರೆ ಬಂದ ಹೊತ್ತು, ಬಿಡಿಸಿದ ಹೊತ್ತು, ತಡವಾಗಿದ್ದರೆ ಕಾರಣ. ಎರಡು ಹತ್ತು ಎಂದು ಬರೆದೆ. ನಾಲ್ಕು ಐದು ಎಂದು ಬರೆದೆ. ಕಾರಣದ ಜಾಗದಲ್ಲಿ ‘ಮಳೆ’ ಎಂದು ಬರೆದೆ. ಅಕ್ಷರ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಾಚಿಕೆಯಾಯಿತು.

ಲೈನು ಇನ್ನೂ ತೆರೆದೇ ಇತ್ತು. ಬಾಗಿಲು ತೆರೆದುಕೊಂಡು ನಿಂತ ಲಿಫ್ಟಿನೊಳಗೆ ಗುಂಡಿಗಳ ಸಾಲಿನಿಂದ ನೆಲಕ್ಕೆ ಹನಿ ಬೀಳುತ್ತಿದ್ದವು. ನಾನು ಮೈಕನ್ನು ಹತ್ತಿರ ಎಳೆದುಕೊಂಡೆ.

"ಅಂಕಲ್," ಎಂದೆ. "ಮೂರು ಗಂಟೆಗೆ ನಮ್ಮ ಹುಡುಗ ನಿಮ್ಮನೆಯಿಂದ ಎರಡು ರಸ್ತೆ ಆಚೆ ಇದ್ದ. ನಾನೇ ಕಳಿಸ್ಲಿಲ್ಲ. ಮಾತು ಚೆನ್ನಾಗಿ ನಡೀತಿತ್ತಲ್ಲ, ಅದಕ್ಕೆ."

ಆ ಮಾತು ಅಲ್ಲಿ ಜಾಲರಿಯಿಂದ ಹೊರಗೆ ಬಂದು, ಮೊದಲನೇ ಮಹಡಿಯ ಖಾಲಿ ಪಡಸಾಲೆಯಲ್ಲಿ ಎಲ್ಲಿಯವರೆಗೆ ಹೋಯಿತೋ ನನಗೆ ಗೊತ್ತಿಲ್ಲ. ಹನಿ ಬೀಳುವುದನ್ನು ಸ್ವಲ್ಪ ಹೊತ್ತು ಕೇಳಿದೆ. ಮೇಜಿನ ಮೇಲೆ ಇನ್ನೂ ಐದು ದೀಪ ಮಿನುಗುತ್ತಿದ್ದವು, ಎರಡರಲ್ಲಿ ಜನ ಕಿರುಚುತ್ತಿರಬೇಕು. ನಾನು ಆ ಲೈನು ಕತ್ತರಿಸದೆ ಹಾಗೆಯೇ ಬಿಟ್ಟು, ಪಕ್ಕದ ದೀಪ ಒತ್ತಿ, ನಮಸ್ಕಾರ, ಗಾಬರಿಯಾಗಬೇಡಿ ಎಂದೆ.